ಅತ್ತೆ ಕಿತ್ತ ಪ್ಲಗ್ಗು

ಕಂಟೇನರ್ ಎಂಬವು ಈ ಲೋಕದಲ್ಲಿ ಇವೆಯೆಂದು ಅತ್ತೆಗೆ ಮೊದಲು ತಿಳಿದದ್ದು ಅವರು ಅಡುಗೆಮನೆಯ ಮೇಜಿನ ಮುಂದೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ದಿನ. ಅವತ್ತಿನ ಬೆಳ್ಳುಳ್ಳಿ ಕೂಡ ಅವರಿಗೆ ನೆನಪಿದೆ. ಸಣ್ಣ ಎಸಳಿನದು, ಉಗುರಿನ ಸಂದಿಯೆಲ್ಲ ಉರಿದುಹೋಗಿತ್ತು. (ಕೆಟ್ಟ ಸುದ್ದಿ ಬಂದ ದಿನ ಒಲೆಯ ಮೇಲೆ ಏನಿತ್ತು ಎಂಬುದು ಹೆಂಗಸರಿಗೆ ಮರೆಯುವುದಿಲ್ಲ. ಗಂಡಸರಿಗೆ ಸುದ್ದಿಯೇ ಮರೆತಿರುತ್ತದೆ.)

ಸೊಸೆ ಬಂದು ಎದುರಿಗಿದ್ದ ಕುರ್ಚಿ ಎಳೆದುಕೊಂಡು ಕೂತಳು. ಒಂದು ಗಡ್ಡೆ ಎತ್ತಿಕೊಂಡು ತಾನೂ ಸುಲಿಯತೊಡಗಿದಳು. ಕರೆಯದೆ ಬಂದು ಬೆಳ್ಳುಳ್ಳಿ ಸುಲಿಯುವ ಸೊಸೆ ಏನನ್ನೋ ಕೇಳಲಿಕ್ಕೇ ಬಂದಿರುತ್ತಾಳೆ.

“ಅತ್ತೆ, ನಮ್ಮ ಆಫೀಸಿನ ಸರ್ವರ್ ಗೊತ್ತಲ್ಲ ನಿಮಗೆ?”

“ಗೊತ್ತಿಲ್ಲದೆ ಏನು? ನಿನ್ನ ಮುಂದೆ ಊಟದ ತಟ್ಟೆ ಇಟ್ಟ ತಕ್ಷಣ ಕೆಟ್ಟುಹೋಗತ್ತಲ್ಲ, ಅದೇ ತಾನೇ?”

ಅದೇ. ದೊಡ್ಡ ದೊಡ್ಡ ಕಂಪನಿಗಳ ಸಂಬಳ, ರಜೆ, ಗೋದಾಮಿನ ಸರಕು ಎಲ್ಲವೂ ಆ ಒಂದು ಅಪ್ಲಿಕೇಶನ್ ಸರ್ವರಿನ ತಲೆಯ ಮೇಲಿತ್ತು. ಅಷ್ಟು ಹೊತ್ತವರು ಆಗಾಗ ಕುಸಿಯುವುದು ಸಹಜ. (ಅತ್ತೆ ಎಷ್ಟು ಹೊತ್ತರೂ ಕುಸಿಯಲಿಲ್ಲ, ಆ ಮಾತು ಬೇರೆ.) ಅದು ಕುಸಿದಾಗಲೆಲ್ಲ ಸೊಸೆಯ ಫೋನು ಬಾಯಿ ಬಡಿದುಕೊಳ್ಳುತ್ತಿತ್ತು. ಸೊಸೆ ಎಂಜಲು ಕೈಯಲ್ಲೇ ಓಡುತ್ತಿದ್ದಳು. ತಟ್ಟೆಯಲ್ಲಿದ್ದದ್ದು ಆರಿ ತಣ್ಣಗಾಗುತ್ತಿತ್ತು.

“ಇನ್ಮೇಲೆ ಆ ಕಾಟ ಇಲ್ಲ ಅತ್ತೆ. ಅದನ್ನ ಕಂಟೇನರ್‌ಗೆ ಹಾಕ್ತೀನಿ. ಅಂದ್ರೆ, ಹಾಸಿಗೆ, ಚೊಂಬು, ಚಪ್ಪಲಿ ಎಲ್ಲ ಒಂದೇ ಗಂಟಲ್ಲಿ ಕಟ್ಕೊಂಡು ಬರೋ ಬಾಡಿಗೆದಾರನ ಹಾಗೆ. ಯಾವ ಮನೇಲಿ ಇಳಿಸಿದ್ರೂ ಅವತ್ತೇ ಸಂಸಾರ ಶುರು. ಅಂಥವರನ್ನ ಮೂರ್ನಾಕು ಕಂಪ್ಯೂಟರ್ ಮೇಲೆ ಹಂಚಿ ಕೂರಿಸೋದು. ಎಲ್ಲರ ಮೇಲೆ ಒಬ್ಬ ಮೇಸ್ತ್ರಿ ಇರ್ತಾನೆ, ಅವನೂ ಒಂದು ಪ್ರೋಗ್ರಾಮೇ. ‘ಯಾವಾಗ ನೋಡಿದ್ರೂ ಮೂರು ಜನ ಕೆಲಸದಲ್ಲಿರಬೇಕು’ ಅಂತ ಅವನಿಗೆ ಒಂದ್ಸಲ ಹೇಳಿದ್ರೆ ಮುಗೀತು. ಒಬ್ಬ ಬಿದ್ರೆ ಅವನೇ ಇನ್ನೊಬ್ಬನ್ನ ಎಬ್ಬಿಸ್ತಾನೆ. ಒಂದು ಕಂಪ್ಯೂಟರೇ ಸತ್ತರೆ ಅಲ್ಲಿದ್ದವರ ಕೆಲಸಾನ ಪಕ್ಕದ್ದಕ್ಕೆ ದಾಟಿಸ್ತಾನೆ. ಈ ಇಡೀ ಸಂಸಾರಕ್ಕೆ ಕ್ಲಸ್ಟರ್ ಅಂತಾರೆ.”

“ಒಂದ್ಸಲ ಹೇಳಿದ್ರೆ ಸಾಕಾ?”

“ಒಂದೇ ಸಲ.”

“ನಿನ್ನ ಗಂಡನ್ನೂ ಅದಕ್ಕೆ ಹಾಕೋಕಾಗಲ್ವೇನೇ?”

ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಮಗ ಕೆಮ್ಮಿದ. ಅವನು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಖಂಡಗಳೇ ಅಷ್ಟು ನಿಧಾನ ಸರಿಯುವಾಗ ತಾನೊಬ್ಬ ಯಾಕೆ ಅವಸರ ಮಾಡಬೇಕು ಎಂಬುದು ಅವನ ಜೀವನಸಿದ್ಧಾಂತ. ತಾಯಿ ಹೇಳಿದ್ದಕ್ಕೂ ಹೌದೆನ್ನುತ್ತಿದ್ದ, ಹೆಂಡತಿ ಹೇಳಿದ್ದಕ್ಕೂ ಹೌದೆನ್ನುತ್ತಿದ್ದ. ಎರಡೂ ಒಟ್ಟಿಗೆ ಬಂದರೆ ಕೆಮ್ಮುತ್ತಿದ್ದ.

ಸೊಸೆ ಕೊನೆಗೆ ವಿಷಯಕ್ಕೆ ಬಂದಳು. ಆಫೀಸಿನಲ್ಲಿ ಇದನ್ನು ಯಾರೂ ನಂಬುತ್ತಿಲ್ಲ. ಮೊದಲು ಚಿಕ್ಕದಾಗಿ ಮಾಡಿ ತೋರಿಸು, ಆಮೇಲೆ ನೋಡೋಣ ಎಂದಿದ್ದಾರೆ. ಹಳೆಯ ಕಂಪ್ಯೂಟರ್ ಪೆಟ್ಟಿಗೆ ಮೂರು ಸಿಕ್ಕಿವೆ. ಇನ್ನು ಬೇಕಾದದ್ದು ತಂಪಾಗಿರುವ, ಬಾಗಿಲಿರುವ, ಗೋಡೆಯ ತುಂಬ ಪ್ಲಗ್ ಪಾಯಿಂಟ್ ಇರುವ ಒಂದು ಕೋಣೆ.

ಅಂಥ ಕೋಣೆ ಆ ಮನೆಯಲ್ಲಿ ಒಂದೇ ಇತ್ತು. ಅತ್ತೆಯ ಗಂಡ ಬದುಕಿದ್ದಷ್ಟು ಕಾಲ ಅಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಒಂದು ಗೋಡೆಗೆ ಸಾಲಾಗಿ ಪ್ಲಗ್ ಪಾಯಿಂಟು ಕೂರಿಸಿದ್ದವರೂ ಅವರೇ. ಹೊಸದಾಗಿ ಮದುವೆಯಾಗಿ ಬಂದ ಹೆಂಡತಿಗೆ ಅವರು ಕಲಿಸಿದ ಒಂದೇ ಒಂದು ವಿದ್ಯೆ: “ಬಿಸಿಯಾದದ್ದನ್ನ ಮೊದಲು ಕೀಳು, ಆಮೇಲೆ ಕೇಳು.” ಗಂಡ ಹೋದರು, ರೇಡಿಯೋಗಳು ಹೋದವು. ಕಿಟಕಿಯ ಪಕ್ಕ ಮಂಚ ಬಂತು. ಮಧ್ಯಾಹ್ನ ಊಟವಾದ ಮೇಲೆ ಅದರ ಮೇಲೆ ಅಡ್ಡಾಗಿ, ಕಿಟಕಿಯಲ್ಲಿ ಹೋಗಿಬರುವವರನ್ನು ಅರ್ಧ ಕಣ್ಣಲ್ಲಿ ನೋಡುತ್ತ ನೋಡುತ್ತ ನಿದ್ದೆಗೆ ಜಾರುವುದು. ಅತ್ತೆಗೆ ಉಳಿದಿದ್ದ ಸಾಮ್ರಾಜ್ಯ ಇಷ್ಟೇ. ಸೊಸೆಯ ಕಣ್ಣು ಬಿದ್ದದ್ದು ಅದರ ಮೇಲೇ.

“ಪೂರ್ತಿ ಸಿದ್ಧ ಆದ ತಕ್ಷಣ ನಮ್ಮ ಮೇಡಂನ ಕರೆಸಿ ತೋರಿಸಿಬಿಡ್ತೀನಿ. ಒಪ್ಪಿದ್ರೆ ಎಲ್ಲ ಆಫೀಸಿಗೆ. ಒಪ್ಪಲಿಲ್ವಾ, ಗುಜರಿಗೆ. ಹೇಗಾದ್ರೂ ನಿಮ್ಮ ಕೋಣೆ ನಿಮಗೆ.”

“ಪೂರ್ತಿ ಸಿದ್ಧ ಆಗೋದು ಯಾವಾಗ?”

“ಇನ್ನೇನು ಅತ್ತೆ, ಹೀಗೆ ಅನ್ನೋದ್ರೊಳಗೆ.”

ಪೂರ್ತಿ ಸಿದ್ಧ ಎಂಬ ದಿನ ಕಂಪ್ಯೂಟರಿನವರ ಪಂಚಾಂಗದಲ್ಲಿ ಇಲ್ಲವೆಂಬುದು ಅತ್ತೆಗೆ ಆಗ ಗೊತ್ತಿರಲಿಲ್ಲ.

ಮಂಚ ಹಾಲಿಗೆ ಬಂತು. ಒಂದು ಪಕ್ಕ ಚಪ್ಪಲಿ ಸ್ಟ್ಯಾಂಡು, ಇನ್ನೊಂದು ಪಕ್ಕ ಊಟದ ಮೇಜು. ಸೊಸೆ ಆಫೀಸಿನ ಕೆಲಸ ಮಾಡುವುದು ಆ ಮೇಜಿನ ಮೇಲೆಯೇ. ಅತ್ತೆಗೆ ಕಣ್ಣು ಹತ್ತುವ ಹೊತ್ತಿಗೆ ಸರಿಯಾಗಿ ಅವಳ ಮೀಟಿಂಗು ಶುರುವಾಗುತ್ತಿತ್ತು. “ನನ್ನ ಸ್ಕ್ರೀನ್ ಕಾಣ್ತಿದೆಯಾ? ಈಗ? ಈಗ ಕಾಣ್ತಿದೆಯಾ?” ಕಾಣುತ್ತಿದೆ ಎಂದು ಯಾರಾದರೂ ಒಂದೇ ಮಾತಿಗೆ ಒಪ್ಪಿದ್ದನ್ನು ಅತ್ತೆ ಕೇಳಲಿಲ್ಲ. ಒಂದು ದಿನ ಹಾಸಿಗೆಯಿಂದಲೇ, “ಕಾಣ್ತಿದೆ ಕಣೇ, ಮುಂದೆ ಹೇಳು” ಎಂದು ಕೂಗಿದರು. ಆ ಕಡೆ ಮೀಟಿಂಗಿನಲ್ಲಿದ್ದ ಅಷ್ಟೂ ಜನ ನಕ್ಕರಂತೆ. ಸೊಸೆ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಹೀಗೆ ನಿದ್ದೆಗೆಟ್ಟ ಒಂದು ಮಧ್ಯಾಹ್ನ ಅತ್ತೆ ಶಾಲು ತರಲೆಂದು ತಮ್ಮ ಕೋಣೆಗೆ ಹೋದರು. ಮೂರೂ ಪೆಟ್ಟಿಗೆಗಳು ಗುಂಯ್‌ಗುಡುತ್ತ ಕೂತಿದ್ದವು. ಮಂಚವಿದ್ದ ಜಾಗದಲ್ಲಿ ಕೂತದ್ದರ ಮೇಲೆ ಕೈಯಿಟ್ಟರೆ ಜ್ವರ ಬಂದವರ ಹಣೆಯಂತೆ ಸುಡುತ್ತಿತ್ತು. ಸತ್ತ ಗಂಡನ ಮಾತು ಮೀರುವುದು ಹೇಗೆ? ಮೊದಲು ಕಿತ್ತರು.

ಹಾಲಿನಿಂದ ಸೊಸೆಯ ಚೀತ್ಕಾರ ಕೇಳಿತು. ಅತ್ತೆ ತಟಕ್ಕನೆ ಪ್ಲಗ್ಗನ್ನು ಮತ್ತೆ ಚುಚ್ಚಿ, ಶಾಲು ಹೊದ್ದು, ಮುಖದ ಮೇಲೆ ಲೋಕಕಲ್ಯಾಣದ ಕಳೆ ತಂದುಕೊಂಡು ಹೊರಗೆ ಬಂದರು.

“ಏನಾಯ್ತೇ?”

“ಎಲ್ಲ ನಿಂತೋಯ್ತು ಅತ್ತೆ! ಮೂರು ಜನರನ್ನ ಇಟ್ಟಿದ್ದೆ, ಮೂವರೂ ಹೋಗಿ ಒಂದೇ ಪೆಟ್ಟಿಗೇಲಿ ಕೂತಿದ್ದಾರೆ! ಆ ಪೆಟ್ಟಿಗೆ ಯಾಕೋ ಆಫ್ ಆಗಿ ಆನ್ ಆಯ್ತು. ಈಗ ಮತ್ತೆ ಎದ್ದೇಳೋಕೆ ಎಷ್ಟು ಹೊತ್ತೋ!”

ಆ ಸರ್ವರಿಗೆ ಎದ್ದೇಳುವುದೆಂದರೆ ಮಗನಂತೆಯೇ. ಕಣ್ಣು ಬಿಟ್ಟು, ಮೈ ಮುರಿದು, ನಾನ್ಯಾರು ಎಲ್ಲಿದ್ದೇನೆ ಎಂದು ಯೋಚಿಸಿ, ಆಮೇಲೆ ಕೆಲಸದ ಮಾತು. ಅಲ್ಲಿಯವರೆಗೆ ಸೊಸೆ ತಲೆ ಹಿಡಿದುಕೊಂಡು ಕೂತಿದ್ದಳು. ಅತ್ತೆ “ಅಯ್ಯೋ ಪಾಪ” ಎಂದರು. ಒಳಗೊಳಗೇ ಮಂಚ ಎಲ್ಲಿ ಹಾಕಬೇಕು, ತಲೆ ಯಾವ ದಿಕ್ಕಿಗೆ ಎಂದು ಲೆಕ್ಕ ಹಾಕಿದರು. ಇನ್ನು ನಾಲ್ಕು ಸಲ ಕಿತ್ತರೆ ಇವಳಿಗೇ ಬೇಸರ ಬಂದು ಗುಜರಿಯವನನ್ನು ಕರೆಯುತ್ತಾಳೆ.

ಸೊಸೆ ಗುಜರಿಯವನನ್ನು ಕರೆಯಲಿಲ್ಲ. ಸಂಜೆಯೊಳಗೆ ಮೇಸ್ತ್ರಿಗೆ ಹೊಸ ಕಟ್ಟಳೆ ಹಾಕಿದಳು: ಒಂದು ಪೆಟ್ಟಿಗೆಯಲ್ಲಿ ಇಬ್ಬರು ಕೂರಕೂಡದು.

ಮಾರನೆಯ ಮಧ್ಯಾಹ್ನ ಅತ್ತೆ ಮತ್ತೆ ಕಿತ್ತರು. ಕಿವಿಗೊಟ್ಟು ನಿಂತರು. ಹಾಲಿನಿಂದ ತೇಲಿ ಬಂದದ್ದು, “ಈಗ ಕಾಣ್ತಿದೆಯಾ?”

ಇನ್ನೊಂದು ಕಿತ್ತು ನೋಡಬೇಕೆಂದುಕೊಂಡರು. ಮನಸ್ಸಾಗಲಿಲ್ಲ, ಅಷ್ಟು ಅವಮಾನವಾಗಿತ್ತು. ತಾನು ಮಾಡಿದ ಕೆಲಸ ಈ ಮನೆಯಲ್ಲಿ ಯಾರ ಕಣ್ಣಿಗೂ ಬೀಳದಿರುವುದು ಅತ್ತೆಗೆ ಹೊಸದಲ್ಲ. ಆದರೆ ಹಾಳು ಮಾಡಿದ್ದೂ ಬೀಳದಿದ್ದರೆ ಮನುಷ್ಯಳು ಬದುಕುವುದು ಯಾವ ಆಸೆಗೆ?

ಆಮೇಲಿನದು ಘೋರ ಸಮರ. ಅತ್ತೆ ಈ ಸಲ ನೇರ ಮೇಸ್ತ್ರಿಯ ಪೆಟ್ಟಿಗೆಗೇ ಕೈ ಹಾಕಿದರು. (ಅದು ಯಾವುದೆಂದು ಗುರುತಿಸುವುದು ಕಷ್ಟವಾಗಲಿಲ್ಲ. ಎಲ್ಲಕ್ಕಿಂತ ಕಡಿಮೆ ಬಿಸಿಯಿದ್ದದ್ದು ಅದೇ. ಮೇಲ್ವಿಚಾರಣೆ ಮಾಡುವವರು ಬೆವರುವುದನ್ನು ಯಾರು ಕಂಡಿದ್ದಾರೆ?) ಉಳಿದ ಪೆಟ್ಟಿಗೆಗಳ ಕೆಲಸದವರೇನೋ ಕೆಲಸ ಮಾಡುತ್ತಲೇ ಇದ್ದರು, ಆದರೆ ಸೊಸೆಯ ಅಪ್ಪಣೆ ಕೇಳುವವರು ಇಲ್ಲವಾದರು. ಸೊಸೆ ಉಗುರು ಕಚ್ಚಿದಳು. ಮರುದಿನ ಮನೆಗೆ ಇನ್ನೆರಡು ಪೆಟ್ಟಿಗೆ ಬಂದವು.

“ಮೇಸ್ತ್ರಿಗಳು ಮೂವರಿರಬೇಕು ಅತ್ತೆ. ಇಬ್ಬರೇ ಇದ್ದರೆ ಯಾರ ಮಾತು ನಡೀಬೇಕು ಅನ್ನೋದು ತೀರ್ಮಾನ ಆಗಲ್ಲ.”

“ಅದು ನೀನು ಈ ಮನೆಗೆ ಬಂದ ದಿನವೇ ನಂಗೆ ಗೊತ್ತಾಯ್ತು.”

ಹೊಸ ಪೆಟ್ಟಿಗೆಗಳಿಗೆ ಜಾಗ ಮಾಡಲು ಅತ್ತೆಯ ಬಟ್ಟೆಯ ಬೀರು ಅಡುಗೆಮನೆಗೆ ಹೋಯಿತು. ಅಂದಿನಿಂದ ಅವರ ಬಟ್ಟೆಗಳಲ್ಲೆಲ್ಲ ಒಗ್ಗರಣೆಯ ಪರಿಮಳ. ಅತ್ತೆ ಸಿಟ್ಟಿಗೆದ್ದು ಎರಡು ಪ್ಲಗ್ಗು ಒಟ್ಟಿಗೆ ಕಿತ್ತರು. ಮತ್ತೊಂದು ಪೆಟ್ಟಿಗೆ ಬಂತು, ಗೋಡೆಯ ಕನ್ನಡಿ ಹೋಯಿತು. ಎಲ್ಲ ತಂತಿಗಳೂ ಬಂದು ಸೇರುವ ಮಿಣುಕು ದೀಪದ ಡಬ್ಬಿಯನ್ನು ಕಿತ್ತರು. ಅವತ್ತು ಎಲ್ಲವೂ ನಿಂತಿತು, ಅತ್ತೆ ಸಂತೋಷಕ್ಕೆ ಎರಡು ಲೋಟ ಕಾಫಿ ಕುಡಿದರು. ಮರುದಿನ ಅಂಥದೇ ಇನ್ನೊಂದು ಡಬ್ಬಿ ಬಂತು, ಶಾಲು ಇಡುತ್ತಿದ್ದ ಗೂಡೂ ಹೋಯಿತು. ಒಂದು ತೊಟ್ಟು ರಕ್ತ ಬಿದ್ದಲ್ಲಿ ಇನ್ನೊಬ್ಬ ಹುಟ್ಟುತ್ತಿದ್ದ ಕಥೆಯ ರಕ್ಕಸನ ಹಾಗೆ, ಒಂದು ಕಿತ್ತಲ್ಲಿ ಇನ್ನೊಂದು ಬಂದು ಕೂರುತ್ತಿತ್ತು. ಬುದ್ಧಿವಂತರಾಗಿದ್ದರೆ ಅಷ್ಟಕ್ಕೇ ನಿಲ್ಲಿಸುತ್ತಿದ್ದರು. ಅತ್ತೆ ಬುದ್ಧಿವಂತರಲ್ಲ, ಹಠವಂತರು.

ಇತ್ತ ಸೊಸೆಗೆ ಈ ಮಧ್ಯಾಹ್ನದ ಕಾಯಿಲೆಯ ಬುಡ ಸಿಗದೆ ಹುಚ್ಚು ಹಿಡಿಯುವಂತಾಗಿತ್ತು. ಅವಳು ಒಂದು ರವಿವಾರ ಗಂಡನನ್ನು ಹಿಡಿದು ನಿಲ್ಲಿಸಿದಳು.

“ನೀವೇನಾದ್ರೂ ಆ ಕೋಣೆಗೆ ಹೋಗ್ತೀರಾ?”

“ನಾನಾ? ಮಧ್ಯಾಹ್ನ ನಾನು ಶಾಲೇಲಿ ಇರ್ತೀನಲ್ಲೇ.”

“ಮತ್ತೆ ಪ್ಲಗ್ ತಾನಾಗೇ ಸಡಿಲ ಆಗತ್ತಾ?”

“ಭೂಮಿ ಒಳಗೊಳಗೇ ಅಲುಗ್ತಾ ಇರತ್ತೆ. ನಮಗೆ ಗೊತ್ತಾಗಲ್ಲ ಅಷ್ಟೇ.”

“ದಿನಾ ಊಟ ಆದ್ಮೇಲೆ ಅಲುಗತ್ತಾ?”

ಮಗ ತಾಯಿಯ ಮುಖ ನೋಡಿದ. ತಾಯಿ ಚಾವಣಿ ನೋಡಿದರು.

“ಇಲಿ ಇರಬೇಕು,” ಎಂದ ಮಗ.

“ಇಲಿಯೇ,” ಎಂದರು ಅತ್ತೆ. “ಮೊನ್ನೆ ನಾನೇ ನೋಡ್ದೆ. ಇಷ್ಟು ದಪ್ಪ.”

ಸಂಜೆಗೆ ಕೋಣೆಯ ಮೂಲೆಯಲ್ಲಿ ಇಲಿ ಬೋನು ಬಂತು. ಮರುದಿನ ಅದಕ್ಕೆ ಸಿಕ್ಕಿದ್ದು ಅತ್ತೆಯ ಕಾಲಿನ ಕಿರುಬೆರಳು. ಕೂಗುವ ಹಾಗಿಲ್ಲ. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು, ಆ ಕೋಪಕ್ಕೆ ಮೂರು ಪ್ಲಗ್ಗು ಕಿತ್ತು, ಒಂಟಿಕಾಲಲ್ಲಿ ಹೊರಗೆ ಬಂದರು. “ಕಾಲಿಗೆ ಏನಾಯ್ತು ಅತ್ತೆ?” ಎಂದು ಸೊಸೆ ಕೇಳಿದಾಗ, “ವಯಸ್ಸಾಯ್ತು” ಎಂದರು. ಮತ್ತೆರಡು ಪೆಟ್ಟಿಗೆ ಬಂದವು.

ಕೊನೆಗೊಂದು ದಿನ ಸೊಸೆಯ ಮೇಡಂ ಬಂದರು. ದೊಡ್ಡ ಆಳು. ಸರಪಳಿಯಲ್ಲಿ ನೇತುಹಾಕಿದ ಕನ್ನಡಕ. ಮುಖ ನೋಡಿದರೆ, ಬೆಳಿಗ್ಗೆ ಎದ್ದ ಮೇಲೆ ಯಾರನ್ನೂ ನಂಬಿಲ್ಲ ಎಂಬಂತೆ. ಹಾಲಿನಲ್ಲಿ ಕೂರಲು ಬೇರೆ ಜಾಗವಿಲ್ಲದೆ ಅತ್ತೆಯ ಮಂಚದ ಮೇಲೇ ಕೂತರು. ಮಂಚ ಕಿರ್ರೆಂದಿತು. ಅತ್ತೆಯೂ.

ಸೊಸೆ ಅತ್ತೆಯನ್ನು ಅಡುಗೆಮನೆಗೆ ಕರೆದೊಯ್ದಳು. ಅವಳು ಬೆಳಿಗ್ಗೆಯಿಂದ ಒಂದು ತುತ್ತು ತಿಂದಿರಲಿಲ್ಲ.

“ಅತ್ತೆ, ಇವತ್ತೊಂದು ದಿನ ಆ ಕೋಣೆ ಕಡೆ ಇಲಿ ಸೊಳ್ಳೆ ಯಾವುದೂ ಹೋಗದ ಹಾಗೆ ನೀವು ಕಾವಲಿರಬೇಕು. ಇದು ಬಿದ್ದರೆ ನಾನು ಮತ್ತೆ ಆ ಫೋನಿಗೇ ಬೀಳ್ತೀನಿ. ಊಟ ಇಲ್ಲ, ನಿದ್ದೆ ಇಲ್ಲ.”

“ನಿದ್ದೆ ಇಲ್ಲದ್ದು ಹೇಗಿರತ್ತೆ ಅಂತ ನಂಗೂ ಗೊತ್ತು. ನೀನು ಹೋಗು, ನಾನಿದ್ದೀನಿ.”

ಕುರಿ ಕಾಯಲು ತೋಳವನ್ನು ಕೂರಿಸಿ ಸೊಸೆ ಹೋದಳು. ಅತ್ತೆ ಕೋಣೆಯ ಬಾಗಿಲಲ್ಲಿ ನಿಂತು ಹಾಲಿನ ಕಡೆ ಕಿವಿ ಕೊಟ್ಟರು.

ಸೊಸೆ ಎಲ್ಲ ವಿವರಿಸಿದಳು. ತಾನೇ ಒಬ್ಬನನ್ನು ಬೀಳಿಸಿದಳು, ಮೇಸ್ತ್ರಿ ಇನ್ನೊಬ್ಬನನ್ನು ಎಬ್ಬಿಸಿದ. ಮೇಡಂ ಕನ್ನಡಕ ಏರಿಸಿದರು, ಇಳಿಸಿದರು.

“ನೀನೇ ತಳ್ಳಿ ನೀನೇ ಎಬ್ಬಿಸಿದರೆ ಅದು ನಾಟಕ ಕಣಮ್ಮ. ಯಾರು ಎಲ್ಲಿ ಬೀಳ್ತಾರೆ ಅಂತ ನಿಂಗೆ ಮೊದಲೇ ಗೊತ್ತು. ನಿಂಗೇ ಗೊತ್ತಿಲ್ಲದ ಹಾಗೆ ಬೀಳಬೇಕು. ಅಂಥ ಪರೀಕ್ಷೆ ಮಾಡಿದ್ದೀಯಾ?”

ಮೇಜಿನ ಕೆಳಗೆ ಸೊಸೆಯ ಬೆರಳುಗಳು ಒಂದನ್ನೊಂದು ಹಿಂಡುತ್ತಿದ್ದವು. ಬಾಗಿಲಿನಿಂದ ಅತ್ತೆಗೆ ಅದು ಕಂಡಿತು. ಅಯ್ಯೋ ಎನ್ನಿಸಿತು. ಅಷ್ಟರಲ್ಲಿ ಮೇಡಂ ದಿಂಬನ್ನು ಎಳೆದು ಬೆನ್ನಿಗೆ ಒತ್ತಿಕೊಂಡರು, ಅತ್ತೆಯ ದಿಂಬು. ಅಯ್ಯೋ ಎನ್ನಿಸಿದ್ದು ಅಲ್ಲಿಗೇ ಮುಗಿಯಿತು.

“ಇಂಥದನ್ನ ನಂಬಿ ಅಷ್ಟು ಕಂಪನಿಗಳ ಕೆಲಸ ಹೇಗೆ ಹಾಕಲಿ? ಇದನ್ನ ಇಲ್ಲಿಗೇ…” ಎಂದು ಮೇಡಂ ಶುರುಮಾಡಿದರು.

ಬೀಳುವ ಗೋಡೆಗೆ ಒಂದೇ ತಳ್ಳು ಸಾಕು. ಅತ್ತೆ ಒಳಗೆ ನುಗ್ಗಿದರು. ಬಲಗೈಗೆ ಎರಡು, ಎಡಗೈಗೆ ಒಂದು, ಒಟ್ಟು ಮೂರು ಪ್ಲಗ್ಗು, ಮೂಲಂಗಿ ಕಿತ್ತ ಹಾಗೆ ಕಿತ್ತು ನಿಂತರು.

ಹಾಲಿನಲ್ಲಿ ಸೊಸೆಯ ಕಂಪ್ಯೂಟರ್ ತೆರೆಯ ಮೇಲೆ ಮೂರು ಪೆಟ್ಟಿಗೆಗಳ ಗುರುತು ಕೆಂಪಾದವು. ಸೊಸೆಯ ಮುಖ ಬಿಳಿಚಿಕೊಂಡಿತು. ಮೇಡಂ ಮುಂದಕ್ಕೆ ಬಾಗಿದರು. ಕೆಲಸದವರು ಇಬ್ಬರು ಹೋಗಿದ್ದರು, ಒಬ್ಬ ಎದೆಕೊಟ್ಟು ನಿಂತಿದ್ದ. ಅಷ್ಟರಲ್ಲಿ ಉಳಿದ ಮೇಸ್ತ್ರಿಗಳು ತಲೆ ಎಣಿಸಿ, ಮಿಕ್ಕ ಪೆಟ್ಟಿಗೆಗಳಲ್ಲಿ ಹೊಸಬರನ್ನು ಎಬ್ಬಿಸತೊಡಗಿದರು. ಅವರು ಎಂದಿನಂತೆ ಕಣ್ಣು ಬಿಟ್ಟರು, ಮೈ ಮುರಿದರು, ಎದ್ದರು. ಮೇಡಂ ಕೈಯ ಫೋನಿನಲ್ಲಿ ಈ ಪೆಟ್ಟಿಗೆಗಳಿಂದಲೇ ಬರುತ್ತಿದ್ದ ಸಂಬಳದ ಪುಟ ಒಂದು ಕ್ಷಣವೂ ನಿಲ್ಲದೆ ತೆರೆಯುತ್ತಲೇ ಇತ್ತು.

“ಇದು ನೀನು ಮಾಡಿದ್ದಾ?”

“ಇಲ್ಲ ಮೇಡಂ, ನನ್ನ ಕೈ ಇಲ್ಲೇ ಇದೆ. ಅದು… ಇಲಿ…”

ಇಬ್ಬರೂ ಕೋಣೆಗೆ ಧಾವಿಸಿದರು. ಅಲ್ಲಿ ಅತ್ತೆ, ಎರಡೂ ಕೈಯಲ್ಲಿ ಪ್ಲಗ್ಗು ಹಿಡಿದು, ಕದ್ದು ಸಿಕ್ಕಿಬಿದ್ದವರು ಕೊನೆಗೆ ತಾಳುವ ಮಹಾಗಾಂಭೀರ್ಯದಿಂದ ನಿಂತಿದ್ದರು.

“ಅತ್ತೆ! ನೀವಾ?”

“ನಾನೇ. ದಿನಾ ನಾನೇ. ಏನೀಗ? ನನ್ನ ಮಂಚ ಆಚೆ ಹೋದ ದಿನದಿಂದ ಕೀಳ್ತಿದ್ದೀನಿ. ಒಂದು ಕಿತ್ತೆ, ಎರಡು ಕಿತ್ತೆ, ಮೇಸ್ತ್ರಿನ ಕಿತ್ತೆ, ಆ ಮಿಣುಕು ಡಬ್ಬಿ ಕಿತ್ತೆ. ಈ ಹಾಳು ಮುಂಡೇವು ಸಾಯೋದೇ ಇಲ್ಲ! ಏನು ಮಾಡಿದ್ರೂ ಎದ್ದು ಕೂತ್ಕೊಳ್ತವೆ! ನಿಮ್ಮ ಕಂಪನಿ ಕಾಲಿಗೆ ಬೀಳ್ತೀನಿ, ಇವನ್ನ ತಗೊಂಡು ಹೋಗಿ ತಾಯಿ!”

ಮೇಡಂ ಹೊಟ್ಟೆ ನಗುವಿಗೆ ಕುಲುಕತೊಡಗಿತು. ಕನ್ನಡಕ ಸರಪಳಿಯಲ್ಲಿ ಉಯ್ಯಾಲೆಯಾಡಿತು.

“ಇಷ್ಟು ದಿನದಿಂದಲಾ? ಯಾವುದು ಅಂತ ಇವಳಿಗೆ ಹೇಳದೇನಾ?”

“ಹೇಳಿ ಕೀಳೋಕೆ ನಂಗೇನು ಹುಚ್ಚಾ?”

“ಅಮ್ಮ, ನಮ್ಮ ಆಫೀಸಲ್ಲಿ ಇರೋರೆಲ್ಲ ಜೋಪಾನ ಮಾಡೋರೇ. ಇಷ್ಟು ಮನಸಿಟ್ಟು ಹಾಳು ಮಾಡೋರು ಒಬ್ಬರೂ ಇಲ್ಲ.” ಅವರು ಸೊಸೆಯ ಕಡೆ ತಿರುಗಿದರು. “ಒಪ್ಪಿದೆ. ಆಫೀಸಲ್ಲಿ ಇದರ ದೊಡ್ಡದನ್ನ ಕಟ್ಟು. ಆದರೆ ಇದು ಮಾತ್ರ ಇಲ್ಲೇ ಇರಲಿ. ಹೊಸದು ಏನು ಮಾಡಿದ್ರೂ ಮೊದಲು ಇವರ ಕೈಗೆ ಕೊಡು. ಇವರ ಕೈಲಿ ಉಳಿದರೆ ಲೋಕದಲ್ಲಿ ಎಲ್ಲಾದರೂ ಉಳಿಯತ್ತೆ.”

ಸೊಸೆ ಕಣ್ಣೊರೆಸಿಕೊಂಡಳು. ಸಂಜೆ ಶಾಲೆಯಿಂದ ಬಂದ ಮಗನಿಗೆ ಮೊದಲು ಬಿದ್ದ ಪ್ರಶ್ನೆ: “ಇಲಿ ಅಂದಿರಲ್ಲ, ನಿಮಗೆ ಗೊತ್ತಿತ್ತಾ?” ಮಗ ಒಮ್ಮೆ ತಾಯಿಯನ್ನು, ಒಮ್ಮೆ ಹೆಂಡತಿಯನ್ನು ನೋಡಿ ಕೆಮ್ಮಿದ.

ಅಂದು ಅತ್ತೆ ಊಟ ಮಾಡಲಿಲ್ಲ. ಕದ್ದು ಕೀಳುವಾಗ ಇದ್ದ ರುಚಿಯೇನು, ಎದೆಯ ಬಡಿತವೇನು! ಈಗ ಅದಕ್ಕೂ ಮೇಲಿನವರ ಅಪ್ಪಣೆ ಬಿದ್ದಿತು. ಶತ್ರುವಿನ ಕೋಟೆಗೆ ದಿನಾ ಕಲ್ಲು ಹೊಡೆದವನಿಗೆ, ನಿನ್ನ ಕಲ್ಲಿನಿಂದಲೇ ಗೋಡೆ ಎದ್ದಿತು, ನಾಳೆಯೂ ಬಾ ಎಂದ ಹಾಗಾಯಿತು.

ಮರುದಿನ ಅತ್ತೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ಸೊಸೆ ಬಂದು ಎದುರಿನ ಕುರ್ಚಿ ಎಳೆದುಕೊಂಡಳು. ಒಂದು ಗಡ್ಡೆ ಎತ್ತಿಕೊಂಡಳು.

“ಸುಲೀಬೇಡ,” ಎಂದರು ಅತ್ತೆ. “ಕೇಳೋದಿದ್ರೆ ಹಾಗೇ ಕೇಳು.”

“ನಿಮ್ಮ ಮಂಚ ಇವತ್ತೇ ಒಳಗೆ ಹಾಕಿಸ್ತೀನಿ ಅತ್ತೆ. ಕಿಟಕಿ ಪಕ್ಕವೇ. ಮಲಗಿದ ಕಡೆಯಿಂದಲೇ ಪ್ಲಗ್ಗುಗಳು ಕೈಗೆ ಸಿಗೋ ಹಾಗೆ.”

ಅತ್ತೆಯ ಕಣ್ಣಲ್ಲಿ ನೀರು ಬಂತು. (ಬೆಳ್ಳುಳ್ಳಿಯಿಂದಲ್ಲ, ಅದು ಈರುಳ್ಳಿಯ ಕೆಲಸ.) ಗುಂಯ್‌ಗುಟ್ಟಲಿ, ಬಿಸಿಯಾಗಲಿ, ಮಂಚ ಮಂಚವೇ, ಕಿಟಕಿ ಕಿಟಕಿಯೇ. ಸೊಸೆಯೂ ಅಷ್ಟೇನೂ ಕೆಟ್ಟವಳಲ್ಲ.

“ನಿಮಗೆ ತೋಚಿದಾಗ, ತೋಚಿದ್ದನ್ನ ಕೀಳಿ. ನಂಗೆ ಹೇಳಲೇಬೇಡಿ.”

“ಹೇಳಲ್ಲ ಬಿಡು ಮಗಳೇ.”

“ಇನ್ನೊಂದು, ಕೊನೇದು ಅತ್ತೆ. ಆ ಕಂಪನಿಯೋರೆಲ್ಲ ಊಟ ಮುಗಿಸಿ ಒಟ್ಟಿಗೇ ಕೆಲಸಕ್ಕೆ ಕೂರೋದು, ಅದರ ನಕಲು ಈ ಪೆಟ್ಟಿಗೆಗಳಿಗೂ ಬರತ್ತೆ. ಅದೇ ಭಾರ ಜಾಸ್ತಿ ಇರೋ ಹೊತ್ತು, ಅದೇ ಸರಿಯಾದ ಪರೀಕ್ಷೆ. ಅದಕ್ಕೆ ಒಂದೇ ಒಂದು ಕೇಳ್ಕೊಳ್ತೀನಿ, ಇಲ್ಲ ಅನ್ನಬಾರದು: ಮಧ್ಯಾಹ್ನ ಮಾತ್ರ ನಿದ್ದೆ ಮಾಡಬೇಡಿ.”